ಹನ್ನೆರಡು ಅಡಿ

ಕಿಕ್ಕಿರಿದ ಬೀದಿಯ ನಡುವೆ ಲಘು ರೈಲಿನ ಹಳಿ ಬರುತ್ತದೆಂದು ಹಳದಿ ಗೆರೆ ಎಳೆದು ಹೋದರು. ಗೆರೆಯಿಂದ ಹನ್ನೆರಡು ಅಡಿಯೊಳಗಿನ ಗೋಡೆಗಳನ್ನು ಒಡೆಯುತ್ತಾರೆ, ಗುರುವಾರ ಅಳತೆಯವರು ಬಂದು ಕೆಂಪು ಗುರುತು ಹಾಕುತ್ತಾರೆ ಎಂಬ ನೋಟೀಸು ಎಲ್ಲ ಬಾಗಿಲಿಗೂ ಅಂಟಿತು.

ಬೀದಿಯವರೆಲ್ಲ ದರ್ಜಿ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಗುರುವಾರದವರೆಗೆ ಕಾಯುವವಳಲ್ಲ. ಇಪ್ಪತ್ತೆರಡು ವರ್ಷ ಕೊರಳಲ್ಲಿ ನೇತಾಡಿದ ಬಟ್ಟೆಯ ಟೇಪನ್ನು ತೆಗೆದು, ವಾಹನಗಳ ಸಂದಿಯಲ್ಲಿ ಬಗ್ಗಿ, ಗೆರೆಯಿಂದ ತನ್ನ ಅಂಗಡಿಯ ಗೋಡೆಗೆ ಅಳೆದಳು. ಹನ್ನೊಂದು ಅಡಿ ಹತ್ತು ಇಂಚು. ಮತ್ತೆ ಅಳೆದಳು. ಅಷ್ಟೇ ಬಂತು. ಅಂಗಡಿಯ ಒಳಗೆ ಇದ್ದದ್ದೇ ಆರಡಿ. ಮುಂದಿನ ಗೋಡೆ ಹೋದರೆ ಹೊಲಿಗೆ ಯಂತ್ರ ಇಡಲು ಅವಳಿಗೆ ಬೇರೆಲ್ಲೂ ಜಾಗವಿರಲಿಲ್ಲ.

ಬುಧವಾರ ಐದನೆಯ ಸಲ ಅಳೆಯುತ್ತಿದ್ದಾಗ ಗಂಡ ವ್ಯಾನು ನಿಲ್ಲಿಸಿ ಇಳಿದ.

“ಏನೇ, ಗೋಡೆಗೂ ಅಂಗಿ ಹೊಲೀತೀಯಾ?”

“ನಿಮಗೇನು, ರೈಲು ಬಂದ್ರೆ ಸಾಕು.”

“ಹೌದು ಮತ್ತೆ. ದಿನಾ ಎರಡು ಗಂಟೆ ಜಾಮಲ್ಲಿ ಕೂತು ನೋಡು, ಗೊತ್ತಾಗುತ್ತೆ.” ಆಮೇಲೆ ಮೆಲ್ಲಗೆ ಕೇಳಿದ, “ಎಷ್ಟು ಕಮ್ಮಿ?”

“ಎರಡಿಂಚು.”

ಅವನು ಮತ್ತೆ ತಮಾಷೆ ಮಾಡಲಿಲ್ಲ. ಅಂದು ಅವಳು ಒಂದು ಅಂಗಿಯ ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿಬಿಟ್ಟಳು.

ಗುರುವಾರ ಅಳತೆಗಾರ ಉಕ್ಕಿನ ಟೇಪು ಎಳೆದ. ಅವಳು ಅವನ ಕಾಲ ಬಳಿಯ ಕೆಂಪು ಬಣ್ಣದ ಡಬ್ಬಿಯನ್ನೇ ನೋಡುತ್ತ ನಿಂತಿದ್ದಳು.

“ಹನ್ನೆರಡು ಅಡಿ ಒಂದೂವರೆ ಇಂಚು. ನಿಮ್ಮದು ಉಳೀತು ಕಣಮ್ಮ.”

“ಇಲ್ಲ ಸಾರ್, ಎರಡಿಂಚು ಕಮ್ಮಿ ಬರುತ್ತೆ. ಇನ್ನೊಂದ್ಸಲ ಅಳೀರಿ.”

ಗಂಡ ಅವಳ ಸೆರಗು ಜಗ್ಗಿದ. “ದಾರೀಲಿ ಹೋಗೋ ಮಾರೀನ ಮನೆಗೆ ಕರೀತೀಯಲ್ಲೇ.”

“ನಾಳೆ ಇನ್ನೊಬ್ರು ಬಂದು ಅಳೆದು ಒಡೆದ್ರೆ? ಇವತ್ತೇ ಸರಿಯಾಗಿ ಗೊತ್ತಾಗ್ಲಿ.”

ಅಳತೆಗಾರ ಅವಳ ಟೇಪನ್ನು ಇಸಿದುಕೊಂಡು ತನ್ನದರ ಪಕ್ಕ ಹಾಸಿದ. ಅರವತ್ತು ಇಂಚಿನ ಬಟ್ಟೆ ಟೇಪು ವರ್ಷಾನುಗಟ್ಟಲೆ ಎಳೆಸಿಕೊಂಡು ಒಂದೂವರೆ ಇಂಚು ಹೆಚ್ಚು ಉದ್ದವಾಗಿತ್ತು; ಗೋಡೆಯವರೆಗೆ ಎರಡೂವರೆ ಸಲ ಹಾಸುವಷ್ಟರಲ್ಲಿ ಸುಮಾರು ಮೂರೂವರೆ ಇಂಚು ತಪ್ಪುತ್ತಿತ್ತು.

“ಇದ್ರಲ್ಲಿ ಅಳೆದ್ರೆ ಎಲ್ಲಾನೂ ಕಮ್ಮಿನೇ ಕಾಣುತ್ತಮ್ಮ.”

“ಅದಕ್ಕೇ ನೋಡಿ ಸಾರ್, ಇವಳು ಹೊಲಿದ ಅಂಗೀಲಿ ನಾನು ಆರಾಮಾಗಿ ಉಸಿರಾಡ್ತಿರೋದು,” ಎಂದ ಗಂಡ.

ಅವಳು ನಗಲಿಲ್ಲ. ಅಳತೆಗಾರ ಕೆಂಪು ಡಬ್ಬಿ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗುವವರೆಗೆ ಅಲ್ಲಾಡಲೂ ಇಲ್ಲ.

ಈಗ ಬೀದಿಯಲ್ಲಿ ರೈಲು ಓಡುತ್ತದೆ. ಚಿಕ್ಕಮ್ಮನ ಕೊರಳಲ್ಲಿ ಹೊಸ ಟೇಪಿದೆ. ಆದರೂ ರೈಲಿನ ಗಂಟೆ ಕೇಳಿದಾಗಲೆಲ್ಲ ಅವಳು ಯಂತ್ರ ನಿಲ್ಲಿಸಿ ಒಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾಳೆ. ಕೊನೆಯ ಬೋಗಿ ದಾಟಿದ ಮೇಲೆ ಕೈ ತೆಗೆದು, ಬಿಟ್ಟಲ್ಲಿಂದ ಹೊಲಿಗೆ ಮುಂದುವರಿಸುತ್ತಾಳೆ.