ಅನುಸೂಯಾಳ ಮೊದಲ ಸಹಿ

ಅನುಸೂಯಾ ಈಗ ಹೇಗಿದ್ದಾಳೆ ಎಂದು ಈ ಮರಾಠಿ ಊರಿನ ಖಡಕಿ ಬಜಾರಿನಲ್ಲಿ ಜನ ಇನ್ನೂ ನನ್ನನ್ನು ಕೇಳುತ್ತಾರೆ. ಚೆನ್ನಾಗಿದ್ದಾಳೆ ಎನ್ನುತ್ತೇನೆ. ಸುಳ್ಳಲ್ಲ. ಆದರೆ ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಲು ಎಷ್ಟು ಕಷ್ಟಪಡುತ್ತೇನೆ ಎಂಬುದು ನನಗೊಬ್ಬಳಿಗೇ ಗೊತ್ತು. ಸಾವಿತ್ರಿಬಾಯಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಗಿರಾಕಿಗಳು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ವಿಷಯದಲ್ಲಿ ನನ್ನ ಸಿಟ್ಟಿಗೆ ಕಾರಣವಿದೆ, ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ.

ನನ್ನದು ಬಟ್ಟೆ ಸರಿಪಡಿಸುವ ಅಂಗಡಿ. ಹೊಸದು ಹೊಲಿಯುವುದು ಕಡಿಮೆ. ಪ್ಯಾಂಟು ಗಿಡ್ಡ ಮಾಡುವುದು, ರವಿಕೆ ಸಡಿಲಿಸುವುದು, ಜಿಪ್ಪು ಹಾಕುವುದು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಇದರಲ್ಲೇ ಇದ್ದೇನೆ. ಅನುಸೂಯಾ ಮೊದಲ ಸಲ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ತಾಯಿ ಕಲ್ಲವ್ವ ಜೊತೆಗಿದ್ದಳು, ಕೈಯಲ್ಲಿ ಶಾಲೆಯ ನೀಲಿ ಲಂಗ.

"ಬಾಯಾರ, ಇದು ಇನ್ನೊಂದ್ ವರ್ಷ ಬರೂವಂಗ ಮಾಡಿಕೊಡ್ರಿ. ಹುಡುಗಿ ತಾಳಿಮರ ಬೆಳದಂಗ ಬೆಳ್ಯಾಕತ್ತಾಳ" ಎಂದಳು ಕಲ್ಲವ್ವ.

ಒಳಗೆ ಮಡಚಿದ ಅಂಚನ್ನು ಬಿಚ್ಚಿ ಉದ್ದ ಮಾಡುತ್ತೇನೆ ಎಂದೆ. ಹುಡುಗಿ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಒಳಗಿನ ಬಟ್ಟಿ ಬಿಸಿಲು ಕಂಡಿಲ್ಲ, ಬಿಚ್ಚಿದ್ರ ಅಲ್ಲೊಂದು ಗೆರಿ ಕಾಣ್ತದ. ಕೆಳಗ ಬಿಳಿ ಪಟ್ಟಿ ಹಚ್ಚಿಬಿಡ್ರಿ. ಬೇಕಂತನ ಮಾಡಿಸಿದಂಗ ಇರ್ತದ."

ನಾನು ಕಲ್ಲವ್ವನ ಮುಖ ನೋಡಿದೆ. ಅವಳು ನಾಚಿಕೊಂಡು, "ಇಕೀ ಬಾಯಿ ಭಾಳ" ಎಂದಳು. ಆ ಶನಿವಾರದಿಂದಲೇ ಆ ಬಾಯಿಯನ್ನು ನನ್ನ ಅಂಗಡಿಗೆ ಕರೆಸಿಕೊಂಡೆ. ಶನಿವಾರ, ಭಾನುವಾರ, ಶಾಲೆಗೆ ರಜೆ ಇದ್ದ ದಿನಗಳೆಲ್ಲ ಅವಳು ನನ್ನ ಜೊತೆ ಕೂತಳು. ಹತ್ತಿ ಯಾವುದು, ಹತ್ತಿಯ ಹೆಸರಿನಲ್ಲಿ ಮೋಸ ಯಾವುದು, ಯಾವ ಬಟ್ಟೆ ಒಗೆದರೆ ಕುಗ್ಗುತ್ತದೆ ಎಲ್ಲ ಬೆರಳಿನಲ್ಲೇ ಹಿಡಿಯಲು ಕಲಿತಳು. ನನ್ನನ್ನು ಇಲ್ಲಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದಳು. ನನಗೆ ಮಕ್ಕಳಿಲ್ಲ, ಇನ್ನು ಬೇರೆ ಹೇಳುವುದು ಬೇಡ.

ಅವಳ ತಂದೆ ಲಾಲಪ್ಪ ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವನು. ವಾಕಡದ ದೊಡ್ಡ ದೊಡ್ಡ ಕಟ್ಟಡಗಳು ಏಳುವಾಗ ಗಂಡ ಹೆಂಡತಿ ಇಬ್ಬರೂ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಅನುಸೂಯಾ ನಡೆಯಲು ಕಲಿತದ್ದೇ ಮರಳಿನ ರಾಶಿಯ ಮೇಲೆ. ಕಾಲೇಜಿಗೆ ಹೋಗುವಾಗ ಅದೇ ವಾಕಡದ ಬಟ್ಟೆ ಅಂಗಡಿಗಳಿಗೆ ಹೋಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದಳು. ಏನೂ ಕೊಳ್ಳುತ್ತಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಬರುತ್ತಿದ್ದಳು.

"ಏನ್ ಬರೀತಿ ಅಷ್ಟು?" ಎಂದು ಒಂದು ದಿನ ಗದರಿದೆ.

"ಹೆಣ್ಮಕ್ಕಳು ಯಾವ ಬಟ್ಟಿ ಕೈಗೆ ತಗೊಂಡು ಮತ್ತ ವಾಪಸ್ ಇಡ್ತಾರ, ಅದನ್ನ ಬರೀತೀನ್ರಿ. ಮಾರಾಟ ಆಗಿದ್ದು ಕಂಪ್ಯೂಟರಿಗೂ ತಿಳೀತದ. ಮನಸ್ಸು ಆಗಿ ಯಾಕ ಬಿಟ್ರು ಅನ್ನೂದು ಯಾರಿಗೂ ತಿಳಿಯಂಗಿಲ್ಲ."

ಇದಕ್ಕೆ ಓದು ಇದೆ, ಕೆಲಸ ಇದೆ ಎಂದು ಅವಳೇ ಹುಡುಕಿ ಹೇಳಿದಳು. ಫ್ಯಾಶನ್ ಮರ್ಚಂಡೈಸಿಂಗ್ ಅಂತೆ. ಯಾವ ಅಂಗಡಿಗೆ ಯಾವ ಬಟ್ಟೆ, ಯಾವ ಬಣ್ಣ, ಯಾವ ಅಳತೆ, ಯಾವ ಹಬ್ಬಕ್ಕೆ ಎಷ್ಟು ಮುಂಚೆ ಹೋಗಬೇಕು ಎಂದು ಕೂತು ತೀರ್ಮಾನಿಸುವವರು. ಬಿ.ಕಾಂ ಮುಗಿಸಿ ಒಂದು ವರ್ಷದ ಡಿಪ್ಲೊಮಾ ಮಾಡಿದಳು. ಆಮೇಲೆ ಎಂಟು ತಿಂಗಳು ಕೆಲಸ ಹುಡುಕಿದಳು. ಎಲ್ಲ ಕಡೆ ಕೇಳಿದ್ದು ಒಂದೇ, ಮೊದಲು ಎಲ್ಲಿ ಮಾಡಿದ್ದೀಯ ಎಂದು. ಮೊದಲನೆಯದನ್ನು ಯಾರೂ ಕೊಡಲಿಲ್ಲ.

ಆಗ ಮಧುಕರನನ್ನು ಕೇಳಿದವಳು ನಾನೇ.

ಮಧುಕರ್ ಮೈಸೂರಿನವನು. ಬಾಣೇರಿನ ಒಂದು ಬಟ್ಟೆ ಕಂಪನಿಯಲ್ಲಿ ಹಿರಿಯ ಮರ್ಚಂಡೈಸರ್. ಊರ ತುಂಬ ಆ ಕಂಪನಿಯ ಅಂಗಡಿಗಳಿವೆ. ನನ್ನಲ್ಲಿಗೆ ಪ್ಯಾಂಟು ಗಿಡ್ಡ ಮಾಡಿಸಲು ಬರುತ್ತಿದ್ದ. ಹಗಲೆಲ್ಲ ಮರಾಠಿ, ಹಿಂದಿಯಲ್ಲಿ ನಾಲಿಗೆ ಹೊರಳಿಸಿ ಸಾಕಾದವಳಿಗೆ ಕನ್ನಡ ಮಾತಾಡುವ ಗಿರಾಕಿ ಬಂದರೆ ಏನಾಗುತ್ತದೆ ಹೇಳಿ? ಕುರ್ಚಿ ಕೊಟ್ಟೆ, ಚಹಾ ತರಿಸಿದೆ, ಡಬ್ಬಿಯಲ್ಲಿದ್ದ ರೊಟ್ಟಿ ಶೇಂಗಾ ಚಟ್ನಿಯನ್ನೂ ತಿನ್ನಿಸಿದೆ. ನಮ್ಮವನು ಎಂದು ತಲೆಯ ಮೇಲೆ ಕೂರಿಸಿಕೊಂಡೆ. ಅವನ ಗುಣ ಏನು, ನಡತೆ ಏನು, ಒಂದನ್ನೂ ವಿಚಾರಿಸಲಿಲ್ಲ. ಕನ್ನಡ ಬರುತ್ತದಲ್ಲ, ಅಷ್ಟು ಸಾಕಾಗಿತ್ತು.

"ಕಳಿಸಿ ಅಕ್ಕಾ. ನಮ್ ಫೀಲ್ಡಲ್ಲಿ ಡಿಗ್ರಿಗಿಂತ ಕಣ್ಣು ಮುಖ್ಯ. ನಾನ್ ನೋಡ್ಕೋತೀನಿ" ಎಂದ.

ಆರು ತಿಂಗಳು ಕಲಿಕೆ, ಆಮೇಲೆ ಕಾಯಂ ಎಂದು ಅವಳನ್ನು ತೆಗೆದುಕೊಂಡರು. ಮೊದಮೊದಲು ಹುಡುಗಿ ಖುಷಿಯಲ್ಲಿ ಹಾರಾಡಿಕೊಂಡಿದ್ದಳು. ಗೌರಿ ಹಬ್ಬಕ್ಕೆ ಎಂಥ ಕುರ್ತಾ ತರಬೇಕು ಎಂಬ ಮಾತು ಬಂದಾಗ ತನ್ನ ನೋಟ್‌ಬುಕ್ಕು ತೆಗೆದಳಂತೆ. ಹೆಂಗಸರು ಕಡುಗೆಂಪನ್ನು ಕೈಗೆತ್ತಿಕೊಳ್ಳುತ್ತಾರೆ, ಮುಖಕ್ಕೆ ಗಾಢವಾಗುತ್ತದೆ ಎಂದು ವಾಪಸ್ ಇಡುತ್ತಾರೆ. ಎದೆಯ ಭಾಗಕ್ಕೆ ಕೆನೆ ಬಣ್ಣ ಕೊಟ್ಟರೆ ಬಿಡುವುದಿಲ್ಲ ಎಂದಳಂತೆ. ಮಧುಕರ್ ಒಪ್ಪಿದ. ಎರಡು ಸಾವಿರ ಕುರ್ತಾ ಮಾಡಿಸುವುದೆಂದಾಯಿತು. ಬಣ್ಣ ಹಾಕುವ ಕೆಲಸ ಶಿರೂರಿನ ಒಂದು ಸಣ್ಣ ಕಾರ್ಖಾನೆಗೆ ಹೋಯಿತು.

ಹೊಲಿಯಲು ಹಾಕುವ ಮುಂಚೆ ಒಂದು ಮಾದರಿ ಕುರ್ತಾವನ್ನು ಕಂಪನಿಯವರು ಒಪ್ಪಿ, ಅದಕ್ಕೆ ಕಟ್ಟಿದ ಚೀಟಿಯ ಮೇಲೆ ಸಹಿ ಮಾಡಬೇಕು. ಅಳತೆ, ಹೊಲಿಗೆ, ಬಣ್ಣ, ಒಗೆದರೆ ಬಣ್ಣ ನಿಲ್ಲುತ್ತದೆ ಎಂಬ ಲ್ಯಾಬಿನ ರಿಪೋರ್ಟ್ ನೋಡಿದ್ದೇನೆ, ಎಲ್ಲ ಸರಿಯಿದೆ ಎಂದು. ಸಹಿ ಬಿದ್ದ ಮೇಲೆ ಅದು ಕಲ್ಲಿನ ಮೇಲೆ ಬರೆದಂತೆ. ಅಂಥ ಸಹಿಯನ್ನು ಕಲಿಕೆಯವರ ಕೈಯಲ್ಲಿ ಯಾರೂ ಹಾಕಿಸುವುದಿಲ್ಲ. ಅನುಸೂಯಾ ಪೇಢೆಯ ಡಬ್ಬಿ ಹಿಡಿದು ನನ್ನ ಅಂಗಡಿಗೆ ಓಡಿಬಂದಳು.

"ಮಾವಶಿ, ನಾ ಸಹಿ ಮಾಡೀನ್ರಿ! ಒಗೆತದ ರಿಪೋರ್ಟ್ ಇನ್ನೂ ನೋಡಿಲ್ಲಲ್ಲ ಸರ್ ಅಂದೆ. 'ಅದು ನನ್ ಹತ್ರ ಇದೆ, ಚೆನ್ನಾಗೇ ಬಂದಿದೆ, ಆಮೇಲೆ ಫೈಲಿಗೆ ಹಾಕೋಣ. ಐಡಿಯಾ ನಿಂದು, ಸೈನೂ ನಿಂದೇ ಇರ್ಲಿ ಕಣಮ್ಮ' ಅಂದ್ರು."

ಇದನ್ನೆಲ್ಲ ಅವನು ಅವಳಿಗೆ ಹೇಳಿದ್ದು ಕನ್ನಡದಲ್ಲಿ, ಬಾಯಿಮಾತಿನಲ್ಲಿ. ಅಲ್ಲಿ ಕೂತಿದ್ದ ಹತ್ತು ಜನರಲ್ಲಿ ಇನ್ನೊಬ್ಬರಿಗೆ ಆ ಭಾಷೆ ಬರುತ್ತಿರಲಿಲ್ಲ. ಅದರ ಅರ್ಥ ಆ ದಿನ ನನಗೂ ಹೊಳೆಯಲಿಲ್ಲ. ಪೇಢೆ ತಿಂದೆ. ಚೀಟಿಯ ಫೋಟೋವನ್ನು ಲಾಲಪ್ಪ ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ತೋರಿಸಿಕೊಂಡು ತಿರುಗಾಡಿದ.

ಹಬ್ಬಕ್ಕೆ ಹದಿನೈದು ದಿನ ಮುಂಚೆ ಕುರ್ತಾಗಳು ಅಂಗಡಿ ಸೇರಿದವು, ಬಿಸಿ ಜಿಲೇಬಿಯ ಹಾಗೆ ಖರ್ಚಾದವು. ಹಬ್ಬದ ಹೊತ್ತಿಗೆ ವಾಪಸ್ ಬರತೊಡಗಿದವು. ಒಂದೇ ಒಗೆತಕ್ಕೆ ಕೆಂಪು ಇಳಿದು ಕೆನೆಯ ಭಾಗವೆಲ್ಲ ಗುಲಾಬಿ. ಯಾರೋ ಒಬ್ಬಾಕೆ ಫೋಟೋ ಹಾಕಿ ಕಂಪನಿಯ ಮಾನ ಹರಾಜು ಹಾಕಿದಳು. ಚೀಟಿ ತೆಗೆದು ನೋಡಿದರೆ ಅದರ ಮೇಲಿದ್ದ ಹೆಸರು ಅನುಸೂಯಾಳದು. ಒಗೆತದ ರಿಪೋರ್ಟ್ ಎಲ್ಲೂ ಇರಲಿಲ್ಲ. ಅಂಥ ಮಾತನ್ನೇ ಆಡಿಲ್ಲ, ಹುಡುಗಿ ಅವಸರ ಮಾಡಿ ಸಹಿ ಹಾಕಿದ್ದಾಳೆ ಎಂದನಂತೆ ಮಧುಕರ್. ಥೂ ಅವನ!

ಸೋಮವಾರ ಅವಳು ಹಾಳಾದ ಕುರ್ತಾ ಒಂದನ್ನು ತಂದು ನನ್ನ ಮೇಜಿನ ಮೇಲೆ ಹಾಕಿ ಅತ್ತಳು. ನಾನು ಬಟ್ಟೆ ಮುಟ್ಟಿದೆ.

ಆ ಬಟ್ಟೆಯನ್ನು ನಾನು ಮೊದಲೇ ಮುಟ್ಟಿದ್ದೆ. ಅವಳು ಪೇಢೆ ತರುವ ನಾಲ್ಕು ದಿನ ಮುಂಚೆ ಮಧುಕರ್ ಪ್ಯಾಂಟು ಒಯ್ಯಲು ಬಂದಿದ್ದ. ಅಂಗೈಯಗಲದ ಒಂದು ತುಂಡು ಕೊಟ್ಟು, "ಅಕ್ಕಾ, ಇದನ್ನ ಒಂದ್ಸಲ ಒಗ್ದು ನೋಡ್ತೀರಾ? ಲ್ಯಾಬಿಗೆ ಕಳಿಸಿದ್ರೆ ತುಂಬಾ ದಿನ ಆಗುತ್ತೆ" ಎಂದಿದ್ದ. ಕಡುಗೆಂಪು, ಕೆನೆ, ಎರಡೂ ಕೂಡಿಸಿ ಹೊಲಿದ ತುಂಡು. ಒಗೆದೆ. ನೀರೆಲ್ಲ ಕೆಂಪಾಯಿತು. ಫೋನ್ ಮಾಡಿ, "ಇದು ನಡೆಯಂಗಿಲ್ಲಪ್ಪ, ಬಣ್ಣ ಬಿಡ್ತದ" ಎಂದು ಹೇಳಿದೆ. "ಹೌದಾ? ಇರ್ಲಿ ಬಿಡಿ, ಅದ್ ಯಾವ್ದೋ ಬೇರೆ" ಎಂದಿದ್ದ. ನಮ್ಮವನ ಮಾತು ಎಂದು ನಾನೂ ನಂಬಿ ಮರೆತುಬಿಟ್ಟಿದ್ದೆ. ತುಂಡು ನನ್ನ ಚಿಂದಿಯ ಬುಟ್ಟಿಯಲ್ಲೇ ಇತ್ತು. ತಡಕಾಡಿ ತೆಗೆದು ಕುರ್ತಾದ ಪಕ್ಕದಲ್ಲಿಟ್ಟೆ. ಅದೇ ನೇಯ್ಗೆ, ಅದೇ ಕೆಂಪು, ಅದೇ ಗುಲಾಬಿ ಕಲೆ.

ಗೊತ್ತಿದ್ದೂ ಅವಳ ಕೈಯಲ್ಲಿ ಸಹಿ ಹಾಕಿಸಿದ್ದ! ನನ್ನ ರೊಟ್ಟಿ ತಿಂದು, ನನ್ನ ಕೈಯಲ್ಲೇ ಒಗೆಸಿ ನೋಡಿ, ನನ್ನ ಹುಡುಗಿಯನ್ನು ಮುಂದೆ ನಿಲ್ಲಿಸಿದ್ದ. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

"ಗುರುವಾರ ವಿಚಾರಣೆ ಅದರಿ ಮಾವಶಿ" ಎಂದಳು ಅನುಸೂಯಾ, ಕಣ್ಣೊರೆಸಿಕೊಂಡು. "ನನ್ನ ತೆಗೆದುಹಾಕಿದ್ರ ಮುಗೀತು. ಮೊದಲನೇ ಕಂಪನ್ಯಾಗ ಹಿಂಗಾತು ಅಂದ್ರ ಈ ಲೈನಿನಾಗ ಯಾರೂ ಬಾಗಿಲಾ ತೆಗೆಯಂಗಿಲ್ಲ. ನೀವು ಬಂದು ಹೇಳ್ತೀರೇನ್ರಿ?"

"ಹೇಳ್ತೀನೇನು? ಅವನ ಮಾರಿ ಮ್ಯಾಲ ಹೇಳ್ತೀನಿ."

ಬುಧವಾರ ಅವಳ ಫೋನ್ ಬರಲಿಲ್ಲ. ನಾನು ಮಾಡಿದ್ದಕ್ಕೂ ಉತ್ತರವಿಲ್ಲ. ಹೆದರಿದ್ದಾಳೆ ಎಂದುಕೊಂಡೆ. ಗುರುವಾರ ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ಎರಡು ಬಸ್ ಬದಲಾಯಿಸಿ ಬಾಣೇರಿಗೆ ಹೋದೆ. ಬಾಗಿಲಲ್ಲಿ ಬಿಡಲಿಲ್ಲ, ಜಗಳವಾಡಿ ಒಳಗೆ ಹೋದೆ.

ಗಾಜಿನ ಕೋಣೆಯಲ್ಲಿ ಮೂವರಿದ್ದರು. ಕಂಪನಿಯ ದೊಡ್ಡ ಮೇಡಂ, ಮಧುಕರ್, ಅನುಸೂಯಾ. ಮೇಡಂ ಮರಾಠಿಯವರು, ಒಳ್ಳೆಯ ಹೆಂಗಸು. "ಬಸಾ ಕಾಕೂ" ಎಂದು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನನ್ನ ಬಜಾರಿನ ಮರಾಠಿಯಲ್ಲಿ ಎಲ್ಲವನ್ನೂ ಹೇಳಿ ತುಂಡನ್ನು ಮೇಜಿನ ಮೇಲಿಟ್ಟೆ.

ಮಧುಕರ್ ನನ್ನನ್ನು ನೋಡಲೇ ಇಲ್ಲ. "ಇವರು ನನ್ನ ಪ್ಯಾಂಟು ಸರಿಮಾಡುವವರು. ಒಂದು ತುಂಡು ಕೊಟ್ಟದ್ದು ನಿಜ. ಅದು ಬೇರೆ ಬಟ್ಟೆ" ಎಂದು ಮೇಡಂಗೆ ಹೇಳಿದ.

ಮೇಡಂ ತುಂಡನ್ನೂ ಕುರ್ತಾವನ್ನೂ ಅನುಸೂಯಾಳ ಮುಂದೆ ಸರಿಸಿದರು. "ಬಟ್ಟೆ ಗುರುತಿಸುವುದರಲ್ಲಿ ನಿನ್ನ ಬೆರಳು ತಪ್ಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನೋಡಿ ಹೇಳು."

ಅವಳು ಎರಡನ್ನೂ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. ಬಹಳ ಹೊತ್ತು ಉಜ್ಜಿದಳು. ನನಗೆ ಹೆಮ್ಮೆಯೇ ಆಗುತ್ತಿತ್ತು, ಅಯ್ಯೋ ಶಿವನೇ.

"ಇಲ್ಲ ಮೇಡಂ" ಎಂದಳು ಮರಾಠಿಯಲ್ಲಿ. "ಇದು ಬೇರೆ ಬಟ್ಟೆ."

ನಾನು ಆ ಕೋಣೆಯಿಂದ ಹೇಗೆ ಹೊರಬಂದೆನೋ ತಿಳಿಯದು. ತುಂಡನ್ನು ಮಾತ್ರ ಎತ್ತಿಕೊಂಡು ಬಂದಿದ್ದೆ. ಲಿಫ್ಟಿನ ಹತ್ತಿರ ನಿಂತಿದ್ದಾಗ ಅವಳು ಓಡಿಬಂದು ನನ್ನ ಕೈ ಹಿಡಿದಳು. ಕೊಸರಿಕೊಂಡೆ.

"ಬಾಯಿಗೆ ಹುಳ ಬೀಳ್ತಾವ ನಿಂಗ! ಅದೇ ಬಟ್ಟಿ ಅಂತ ನಿಂಗ ಗೊತ್ತಿಲ್ಲೇನು?"

"ಗೊತ್ತದರಿ." ಅಳುತ್ತಿದ್ದಳು. "ನಿನ್ನೆ ಸರ್ ಕರೆದು ಹೇಳಿದ್ರು. ನಾ ಬಿದ್ರೂ ಚೀಟಿ ಮ್ಯಾಲಿನ ನಿನ್ನ ಸಹಿ ಹೋಗಲ್ಲ, ಇಬ್ರೂ ಹೋಗ್ತೀವಿ ಅಂದ್ರು. ಇಬ್ರೂ ಒಂದೇ ಮಾತು ಹೇಳಿದ್ರ ಇಬ್ರೂ ಉಳೀತೀವಿ, ನಿನ್ನ ಈ ತಿಂಗಳನ ಕಾಯಂ ಮಾಡಿಸ್ತೀನಿ ಅಂದ್ರು. ನಾ ಫೋನ್ ಎತ್ತದಿದ್ರ ನೀವು ಬರಂಗಿಲ್ಲ ಅನ್ಕೊಂಡಿದ್ದೆ ಮಾವಶಿ. ಫೋನ್ ಎತ್ತಿದ್ರ ಬರಬ್ಯಾಡ್ರಿ ಅನ್ಬೇಕಾಗ್ತಿತ್ತು, ಧೈರ್ಯ ಆಗ್ಲಿಲ್ಲ."

"ಮತ್ತ ತಪ್ಪು ಯಾರ ಮ್ಯಾಲ ಹಾಕ್ತೀರಿ?"

ಅವಳು ನೆಲ ನೋಡಿದಳು. "ಶಿರೂರಿನ ಬಣ್ಣದವನ ಮ್ಯಾಲ. ಮಾದರಿ ಛಲೋ ಕೊಟ್ಟು, ಆಮ್ಯಾಲ ಬಣ್ಣ ಕೆಟ್ಟದ್ದು ಹಾಕ್ಯಾನ ಅಂತ."

"ಹಾಕ್ಯಾನೇನು?"

"ಇಲ್ರಿ. ಬಣ್ಣ ಬಟ್ಟಿಗೆ ಹಿಡಿಯಾಕ ಇನ್ನೆರಡು ದಿನ ಬೇಕು ಅಂತ ಅವ ಎರಡು ಸಲ ಹೇಳಿದ್ದನಂತ. ಸರ್ ಬಿಡ್ಲಿಲ್ಲ. ಇನ್ನ ಅವಗ ಯಾರೂ ಕೆಲಸ ಕೊಡಂಗಿಲ್ಲ."

ಕೋಣೆಯ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ಮೇಡಂ ಇನ್ನೂ ಒಳಗೇ ಇದ್ದರು, ಗಾಜಿನಾಚೆ ಕಾಣುತ್ತಿದ್ದರು. ಆ ಇಬ್ಬರ ಮಾತನ್ನು ನಂಬಬೇಡಿ, ಈ ತುಂಡನ್ನೂ ಕುರ್ತಾವನ್ನೂ ಲ್ಯಾಬಿಗೆ ಕಳಿಸಿ ನೋಡಿ ಎಂದು ನಾನು ಹೇಳಿದ್ದರೆ ಅವರು ಕೇಳುತ್ತಿದ್ದರು. ಕೇಳುವ ಹೆಂಗಸೇ. ಮಧುಕರ್ ಹೋಗುತ್ತಿದ್ದ. ಅವನ ಜೊತೆ ಅನುಸೂಯಾಳೂ ಹೋಗುತ್ತಿದ್ದಳು. ಶಿರೂರಿನವನು ಉಳಿಯುತ್ತಿದ್ದ.

ಅವನ ಹೆಸರೇನು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮರೆಯಲು ಆಗುತ್ತಿರಲಿಲ್ಲ.

"ಕಣ್ಣೊರೆಸಿಕೊಂಡು ಒಳಗ ಹೋಗು. ಹಿಂಗ ಅಳಕೋತ ನಿಂತ್ರ ಮೇಡಂಗ ಸಂಶಯ ಬರ್ತದ" ಎಂದೆ. ಲಿಫ್ಟ್ ಬಂತು, ಹತ್ತಿದೆ.