ಅತ್ತೆಯ ಕೆನ್ನೆಯ ಕಲೆ

ಬೇಸಿಗೆ ಬಂತೆಂದರೆ ಅಳವಂಡಿಯ ನಮ್ಮ ಓಣಿಯಲ್ಲಿ ಶಾವಿಗೆ ಹೊಸೆಯುವ ಕೆಲಸ ಶುರುವಾಗುತ್ತಿತ್ತು. ಇಂದು ಒಂದು ಮನೆ, ನಾಳೆ ಇನ್ನೊಂದು. ಎಲ್ಲರೂ ಮೊದಲು ಕರೆಯುತ್ತಿದ್ದುದು ನಮ್ಮ ಸೋದರತ್ತೆಯನ್ನು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮೊಡನೆಯೇ ಇದ್ದಳು. ಅವಳ ಕೈಯಲ್ಲಿ ಎಳೆ ಕೂದಲಿನಷ್ಟು ಸಣ್ಣಗೆ ಬರುತ್ತಿತ್ತು. ಹೊಸೆಯುತ್ತ ಹಾಡುತ್ತಿದ್ದಳು. ಈಗ ಗಂಗಾವತಿಯ ನನ್ನ ಮನೆಯಲ್ಲಿ ಅಂಗಡಿಯ ಶಾವಿಗೆ ಪೊಟ್ಟಣ ಒಡೆಯುವಾಗ ಆ ದನಿ ನೆನಪಾಗುತ್ತದೆ.

ನಾನು ಕೊಪ್ಪಳದಲ್ಲಿ ಕಾಲೇಜು ಓದುತ್ತಿದ್ದಾಗ ಅವಳ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಕೆಂಪು ಗುಳ್ಳೆ ಎದ್ದಿತು. ನೋವಿಲ್ಲ, ತುರಿಕೆಯಿಲ್ಲ. ಹುಳುಕಡ್ಡಿ ಎಂದು ಔಷಧಿ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದಳು. ಕೆಂಪು ಕೊಂಚ ತಗ್ಗಿ ಮತ್ತೆ ಬಂತು. ಇನ್ನೊಬ್ಬರು ಇಸಬು ಎಂದರು. ಎರಡು ವರ್ಷದಲ್ಲಿ ಅದು ಅರ್ಧ ಕೆನ್ನೆಗೆ ಹರಡಿತು. ಅಂಚು ಉಬ್ಬಿ, ನಡುವಿನ ಚರ್ಮ ತೆಳ್ಳಗೆ ಸುಕ್ಕಾಯಿತು.

ಆ ಬೇಸಿಗೆ ಅವಳನ್ನು ಯಾರೂ ಕರೆಯಲಿಲ್ಲ. ಅತ್ತೆ ತನ್ನ ತಾಟು, ತಂಬಿಗೆ ಬೇರೆ ಮಾಡಿಕೊಂಡಳು. ಅವಳೇ ಅದನ್ನು 'ದೊಡ್ಡ ರೋಗ' ಎಂದು ತೀರ್ಮಾನಿಸಿದ್ದಳು. ನಮ್ಮ ಕಡೆ ಕುಷ್ಠದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಗೆ ನಾನೇ ಹಟ ಹಿಡಿದು ಕೊಪ್ಪಳದ ಚರ್ಮರೋಗದ ಡಾಕ್ಟರ ಬಳಿ ಕರೆದೊಯ್ದೆ. ಅವರು ನಮ್ಮ ಕಡೆಯ ಮಾತಿನ ಹೆಂಗಸು. ಅತ್ತೆಯ ಸೆರಗನ್ನು ತಾವೇ ಸರಿಸಿ, ಹತ್ತಿಯ ಎಳೆಯೊಂದನ್ನು ಕಲೆಯ ಮೇಲೆ ಆಡಿಸಿದರು.

"ಕಣ್ಣು ಮುಚ್ಚರಿ. ಮುಟ್ಟಿದ್ದು ಗೊತ್ತಾಗತೈತಿ?"

"ಗೊತ್ತಾಗತೈತ್ರಿ," ಎಂದಳು ಅತ್ತೆ. ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. "ದೊಡ್ಡ ರೋಗ ಏನ್ರಿ?"

"ಹಂಗ ಕಾಣೂದಿಲ್ಲ. ಅದಾಗಿದ್ರ ಬಹಳ ಮಾಡಿ ಮುಟ್ಟಿದ್ದು ಗೊತ್ತಾಗೂದಿಲ್ಲ. ಆದ್ರೂ ಒಂದು ಚೂರು ಚರ್ಮ ತೆಗದು ಪರೀಕ್ಷೆಗೆ ಕಳಸೂಣು."

ಎರಡು ವರ್ಷದಿಂದ ಆ ಕೆನ್ನೆಯನ್ನು ಯಾರೂ ಮುಟ್ಟಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ನಾನೂ ಮುಟ್ಟಿರಲಿಲ್ಲ.

ಆಮೇಲೆ ಡಾಕ್ಟರು ಗಾಜಿನ ಪಟ್ಟಿಯೊಂದನ್ನು ಕಲೆಯ ಮೇಲೆ ಒತ್ತಿ ನನಗೆ ತೋರಿಸಿದರು. ಕೆಂಪು ಇಳಿದು, ಒಳಗೆ ಬೆಲ್ಲದ ಪಾಕದ ಬಣ್ಣದ ಚುಕ್ಕೆಗಳು ಕಂಡವು. "ಚರ್ಮದ ಟಿಬಿ ಇರಬಹುದು," ಎಂದರು. ಹದಿನೈದು ದಿನಕ್ಕೆ ಬಂದ ವರದಿಯೂ ಅದನ್ನೇ ಹೇಳಿತು.

"ಕೆಮ್ಮಿಲ್ಲ, ದಮ್ಮಿಲ್ಲ. ಮಾರಿಗೆ ಹೆಂಗ ಟಿಬಿ ಬರತೈತ್ರಿ?" ಅತ್ತೆಗೆ ನಂಬಿಕೆಯಾಗಲಿಲ್ಲ.

"ಟಿಬಿ ಎದಿಗೆ ಅಷ್ಟ ಬರೂದಲ್ಲರಿ. ಚರ್ಮಕ್ಕ ಬಂದ್ರ ಹುಳುಕಡ್ಡಿ, ಇಸಬು, ಎಲ್ಲಾದರ ಹಂಗೂ ಕಾಣತೈತಿ. ಅದಕ್ಕ ಇಷ್ಟು ದಿನ ಸಿಕ್ಕಿಲ್ಲ. ಆರು ತಿಂಗಳು ಗುಳಿಗಿ ತಪ್ಪಸಬ್ಯಾಡ್ರಿ."

ಗುಳಿಗೆ ಶುರುವಾದ ಮರುದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. "ರಕ್ತ ಹೊಂಟೈತಿ, ತಂಗಿ." ಆ ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನು ಈಗ ಹೇಳಿದಾಗ ಬೈದಳು, ಆಮೇಲೆ ಇಬ್ಬರೂ ಕುಳಿತು ನಕ್ಕೆವು.

ಮೂರನೆಯ ತಿಂಗಳಿಗೆ ಅಂಚು ತಗ್ಗಿತು, ಆರಕ್ಕೆ ತೆಳು ಗುರುತಷ್ಟೇ ಉಳಿಯಿತು. ಮುಂದಿನ ಬೇಸಿಗೆಗೆ ಓಣಿಯವರು ಮತ್ತೆ ಕರೆದರು. ಹೋದಳು, ಆದರೆ ಅಲ್ಲಿ ಮೊದಲಿನಂತೆ ಹಾಡಲಿಲ್ಲ.

ಮರುವರ್ಷ ತಳಕಲ್‌ನ ನಮ್ಮ ಬಂಧುವೊಬ್ಬಳ ಮೊಣಕೈ ಮೇಲೆ ಕಲೆಯೆದ್ದ ಸುದ್ದಿ ಬಂತು. ಅತ್ತೆ ಯಾರನ್ನೂ ಕೇಳದೆ ಹೊರಟು, ಅವಳನ್ನು ಅದೇ ಡಾಕ್ಟರ ಮುಂದೆ ಕೂರಿಸಿದಳು. ಅದು ಬರೀ ಹುಳುಕಡ್ಡಿಯಾಗಿತ್ತು.

"ಸುಮ್ಮನ ಅಷ್ಟು ದೂರ ಹೋದಿ," ಎಂದೆ.

"ಇರಲಿ ಬಿಡವಾ," ಎಂದಳು ಅತ್ತೆ. "ಹೋಗೂಮುಂದ ಆಕಿ ಮೊಣಕೈ ಸೆರಗಿನಾಗ ಮುಚ್ಚಿಕೊಂಡು ಕುಂತಿದ್ಲು. ವಾಪಸ್ ಬರೂಮುಂದ ದಾರಿ ತುಂಬ ಮಾತಾಡಿದ್ಲು."