ಕಿಸೆಯಲ್ಲೇ ಉಳಿದ ಉಳ್ಳಾಗಡ್ಡಿ

ತಂಗಿ ಸ್ಪಿತಿ ಕಣಿವೆಗೆ ಹೊರಟಾಗ ನನಗಾದ ಹೊಟ್ಟೆಕಿಚ್ಚನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಹಾದಿ ನನ್ನದು. ನಾಗಪುರದಿಂದ ಕಾರಿನಲ್ಲಿ ಹೊರಟು ಹಿಮಾಚಲದ ಘಾಟು ಹತ್ತುವುದು, ಊರಿಲ್ಲದ ಕಡೆ ಹೊಳೆ ದಂಡೆಗೆ ಡೇರೆ ಹಾಕಿ ಮಲಗುವುದು, ಪೆಟ್ರೋಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಎಲ್ಲವನ್ನೂ ಹತ್ತು ವರ್ಷ ಕೂತು ನೋಟುಬುಕ್ಕಿನಲ್ಲಿ ಬರೆದಿದ್ದೆ. ಡೇರೆಯನ್ನೂ ಕೊಂಡಿಟ್ಟಿದ್ದೆ. ಪ್ರತಿ ಬೇಸಿಗೆಗೆ ಒಂದು ನೆಪ ಸಿಗುತ್ತಿತ್ತು. ಆಫೀಸಿನ ಆಡಿಟ್, ಮಗಳ ಪರೀಕ್ಷೆ, ನಿವೃತ್ತನಾದ ಮೇಲೆ ಮೊಣಕಾಲು.

ತಂಗಿ ಬ್ಯಾಂಕಿನಿಂದ ನಿವೃತ್ತಳಾಗಿ ಮೂರು ತಿಂಗಳೂ ಆಗಿರಲಿಲ್ಲ. ಒಂದು ಭಾನುವಾರ ಗಂಡನ ಜೊತೆ ನಾಗಪುರದ ಸದರ್ ಬಡಾವಣೆಯ ನಮ್ಮ ಮನೆಗೆ ಬಂದಳು, ಚಹಾ ಕುಡಿದಳು.

"ಅಣ್ಣಾ, ನಿನ್ನ ಡೇರೆ, ನೋಟುಬುಕ್ಕು ಎರಡೂ ಕೊಡು. ಮುಂದಿನ ವಾರ ಹೊಂಟೀವಿ. ನೀನೂ ಬಾ, ಹಿಂದಿನ ಸೀಟು ಖಾಲಿ ಐತಿ."

ಹಿಂದಿನ ಸೀಟಂತೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಗೊತ್ತಿರದ ಅವಳಿಗೆ ಕಾರು ಕಲಿಸಿದವನು ನಾನು. ನನ್ನದೇ ಹಾದಿಯಲ್ಲಿ ಅವಳ ಬೆನ್ನು ನೋಡುತ್ತ ಕೂಡಬೇಕೆ?

"ಮೊಣಕಾಲು ಬರೋಬರ್ ಇಲ್ಲವ್ವಾ," ಅಂದೆ. ಡೇರೆ, ನೋಟುಬುಕ್ಕು ಕೊಟ್ಟೆ.

ನಾಗಪುರದ ಬಿಸಿಗಾಳಿ ಬಡಿಯದಿರಲೆಂದು ಬೇಸಿಗೆಯಲ್ಲಿ ಇಲ್ಲಿನವರು ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಂಡು ಹೊರಬೀಳುತ್ತಾರೆ. ಧಾರವಾಡದಿಂದ ಬಂದ ನಮ್ಮ ಅವ್ವ ಅದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿದ್ದಳು. ಪರವೂರಿಗೆ ಹೊರಟವರಿಗೆ ಮನೆಯಲ್ಲಿ ಉಳಿಯುವವರು ಅದನ್ನು ಕೈಯಾರೆ ಕೊಡಬೇಕು. ಅವ್ವ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಜೂನ್ ಮೊದಲ ವಾರ, ಬೆಳಗಿನ ಆರಕ್ಕೆ ಕಾರು ನಮ್ಮ ಗೇಟಿನ ಮುಂದೆ ನಿಂತಿತು. ಉಳ್ಳಾಗಡ್ಡಿ ಹಿಡಿದುಕೊಂಡೇ ಹೊರಗೆ ಬಂದೆ. ಸ್ಟೀರಿಂಗ್ ಹಿಂದೆ ಕೂತ ತಂಗಿ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ನನ್ನ ನೋಟುಬುಕ್ಕು ಅವಳ ಗಂಡನ ತೊಡೆಯ ಮೇಲಿತ್ತು. ಅದನ್ನು ನೋಡಿದ್ದೇ ತಡ, ನನ್ನ ಕೈ ಹಿಂದೆ ಸರಿಯಿತು. ಹಿಮದ ಊರಿಗೆ ಹೋಗುವವರಿಗೆ ಉಳ್ಳಾಗಡ್ಡಿ ಯಾಕೆ ಎಂದುಕೊಂಡು ನನ್ನ ಅಂಗಿಯ ಕಿಸೆಗೇ ಹಾಕಿಕೊಂಡೆ. ತಂಗಿ ಅದನ್ನು ನೋಡಿದಳು. ನಕ್ಕು ಗಾಡಿ ಬಿಟ್ಟಳು.

ಹೆಂಡತಿ ಹಾಲಿನ ಕ್ಯಾನು ತಂದು ಕೈಗಿಟ್ಟಳು. ಚರ್ಚಿನ ಎದುರಿನ ಡೇರಿಯಿಂದ ದಿನಾ ಹಾಲು ತರುವವನು ನಾನೇ.

"ಇವತ್ತ ಆಗಂಗಿಲ್ಲ. ಮೊಣಕಾಲು," ಅಂದೆ.

"ನಿಮಗ ನೋವಾಗಿದ್ದು ಮೊಣಕಾಲಿಗಲ್ಲ ತಗೋರಿ," ಅಂದು ಅವಳೇ ಕರಿ ಚಹಾ ಮಾಡಿದಳು. ಜಗಲಿಯಲ್ಲಿ ಕೂತು ಅದನ್ನು ಕುಡಿಯುತ್ತ ತಂಗಿಯನ್ನು ಮನಸ್ಸಿನಲ್ಲೇ ಬೈದೆ.

ಆಮೇಲೆ ಫೋಟೋಗಳು ಬರತೊಡಗಿದವು. ಬೋಳು ಬೆಟ್ಟದ ಬುಡದಲ್ಲಿ ನನ್ನ ಡೇರೆ. ಹೊಳೆ ದಂಡೆಯಲ್ಲಿ ನನ್ನ ಡೇರೆ. ಅದರ ಮುಂದೆ ಖಡಕ್ ರೊಟ್ಟಿ ತಿನ್ನುತ್ತ ಕೂತ ಅವರಿಬ್ಬರು. ಒಂದು ಹಗ್ಗ ಸಡಿಲಾಗಿ ಕಟ್ಟಿದ್ದು ಕಂಡರೆ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ, ಎರಡು ದಿನ ಒಂದೇ ಕಡೆ ಇರಬೇಕು ಎಂಬ ಸುದ್ದಿ ಬಂದಾಗ ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆ.

ತಿರುಗಿ ಬಂದ ತಂಗಿ ಡೇರೆ ಮಡಚಿ ಕೊಟ್ಟಳು. ಚಂದ ಒಗೆದು ಒಣಗಿಸಿದ್ದಳು, ತಪ್ಪು ಹುಡುಕಲು ಏನೂ ಉಳಿದಿರಲಿಲ್ಲ.

"ಹೊಂಟ ದಿನ ಚರ್ಚಿನ ಮುಂದ ಅರ್ಧ ತಾಸು ಕಾದ್ವಿ ನೋಡಣ್ಣಾ," ಅಂದಳು.

"ಯಾರಿಗೆ?"

"ನಿನಗ. ನಿನ್ನ ಕಿಸೇದಾಗ ಉಳ್ಳಾಗಡ್ಡಿ ಇತ್ತಲ್ಲ. ಅತ್ತಿಗಿ ಕೊಟ್ಟಾಳ, ನೀನೂ ಹೊಂಟಿ ಅಂದ್ಕೊಂಡೆ. ದಿನಾ ಹಾಲಿಗೆ ಅಲ್ಲಿಗೇ ಬರ್ತಾನ, ಇವತ್ತ ಬ್ಯಾಗ್ ತಗೊಂಡು ಬರ್ತಾನ ಅಂತ ಇವರಿಗೂ ಹೇಳಿದೆ."

"ಫೋನ್ ಮಾಡಬಾರದಿತ್ತೇನು?"

"ಫೋನ್ ಮಾಡಿದ್ರೂ, ಗೇಟಿನ ಮುಂದ ಕರೆದ್ರೂ ಮೊಣಕಾಲು ಅಂತಿದ್ದಿ. ನೀನಾಗಿ ಬರಲಿ ಅಂತ ಸುಮ್ಮನಾದೆ."

ನಮ್ಮ ಗೇಟಿನಿಂದ ಆ ಚರ್ಚಿಗೆ ಐದು ನಿಮಿಷದ ಹಾದಿ. ವರ್ಷವಿಡೀ, ಮಳೆ ಇರಲಿ ಚಳಿ ಇರಲಿ, ಬೆಳಗಿನ ಆರಕ್ಕೆ ಕ್ಯಾನು ಹಿಡಿದು ಅಲ್ಲಿಗೆ ನಡೆದು ಹೋಗುತ್ತೇನೆ. ಅವತ್ತೊಂದು ದಿನ ಹೋಗಿರಲಿಲ್ಲ.